ಗಾಲಿಯ ಅಳತೆ, ಹಲ್ಲಿನ ಲೆಕ್ಕ



ಕಬ್ಬಿನ ಸುಗ್ಗಿಯಲ್ಲಿ ಗಡಹಿಂಗ್ಲಜದ ರಸ್ತೆಯ ಬದಿಗೆ ನಿಂತು ನೋಡಿರಿ. ಹೇರು ಹೊತ್ತ ಟ್ರಕ್ಕುಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಇದೇ ರಸ್ತೆ ಆಜರಾ ದಾಟಿ ಅಂಬೋಲಿ ಘಾಟಿನಿಂದ ಕೊಂಕಣಕ್ಕೆ ಇಳಿಯುತ್ತದೆ. ಹೊಲದ ದಾರಿಯಲ್ಲಿ ಅಡಿ ತಾಗಬಾರದೆಂದು ಕೆಲವು ಮಾಲಕರು ಟ್ರಕ್ಕಿಗೆ ದೊಡ್ಡ ಟೈರು ಹಾಕಿಸುತ್ತಾರೆ. ಇದರಿಂದ ಟ್ರಕ್ಕಿನಲ್ಲಿ ಏನೇನು ಬದಲಾಗುತ್ತದೆ? ಬನ್ನಿ, ತಿಳಿಯೋಣ.

ಟ್ರಕ್ಕಿನ ಟೈರಿನ ಪಕ್ಕೆಯ ಮೇಲೆ 9.00-20 ಅಥವಾ 10.00-20 ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚುಗಳಲ್ಲಿ. ರಿಮ್ಮು ಅದೇ ಇದ್ದರೂ ಅಗಲವಾದ ಟೈರು ಎತ್ತರವೂ ಆಗಿರುತ್ತದೆ.

ಎಂಜಿನ್ನಿನ ಚಲನೆ ಗೇರ್‌ಬಾಕ್ಸಿನಿಂದ ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಬರುತ್ತದೆ. ಅಲ್ಲಿ ಎರಡು ಹಲ್ಲುಚಕ್ರಗಳಿವೆ. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 40 ಹಲ್ಲು ಇವೆಯೆನ್ನಿ. ಪಿನಿಯನ್ 4 ಸುತ್ತು ತಿರುಗಿದಾಗ ಗಾಲಿ 1 ಸುತ್ತು ತಿರುಗುತ್ತದೆ. ಈ 4 ಎಂಬುದೇ ಅಚ್ಚಿನ ಗೇರ್ ಪ್ರಮಾಣ.

ಲೆಕ್ಕ ಸುಲಭವಾಗಲೆಂದು ಹಳೆಯ ಟೈರಿನ ವ್ಯಾಸ 100 ಸೆಂ.ಮೀ., ಹೊಸದರದು 110 ಸೆಂ.ಮೀ. ಎಂದು ಹಿಡಿಯೋಣ. ಒಂದು ಸುತ್ತಿಗೆ ಹಳೆಯ ಗಾಲಿ 314 ಸೆಂ.ಮೀ. ಹೋದರೆ, ಹೊಸದು ಸುಮಾರು 345 ಸೆಂ.ಮೀ. ಹೋಗುತ್ತದೆ. ದೂರ ಲಾಭವಾಯಿತು ಎನಿಸಬಹುದು. ಆದರೆ ಎಂಜಿನ್ನಿನ ಶಕ್ತಿ ಹೆಚ್ಚಿಲ್ಲ. ಆದ್ದರಿಂದ ಎಳೆಯುವ ಬಲ ಶೇಕಡಾ 9ರಷ್ಟು ಕುಗ್ಗುತ್ತದೆ. ಹೇರಿನ ಟ್ರಕ್ಕು ಘಾಟಿನ ಏರಿನಲ್ಲಿ ಏದುಸಿರು ಬಿಡುತ್ತದೆ. ಕ್ಲಚ್ಚು ಬೇಗ ಸವೆಯುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಇಳಿಸುವಾಗ ಎಂಜಿನ್ನಿನ ಹಿಡಿತವೂ ಅಷ್ಟೇ ಸಡಿಲಾಗುತ್ತದೆ. ಗೇರ್‌ಬಾಕ್ಸಿನಿಂದ ನಡೆಯುವ ವೇಗಮಾಪಕ 50 ಎಂದು ತೋರಿಸುವಾಗ ನಿಜವಾದ ವೇಗ 55 ಕಿ.ಮೀ. ಇರುತ್ತದೆ. ಚಾಲಕನಿಗೆ ಇದು ಅಪಾಯಕಾರಿ.

ಇದಕ್ಕೆ ಉಪಾಯ ಹಲ್ಲಿನ ಲೆಕ್ಕದಲ್ಲಿದೆ. ಹಳೆಯ ಪ್ರಮಾಣವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಬೇಕು. 4 × 110 ÷ 100 = 4.4. ಅಂದರೆ 10 ಹಲ್ಲಿನ ಪಿನಿಯನ್ನಿಗೆ 44 ಹಲ್ಲಿನ ಕ್ರೌನ್ ಬೇಕು. ಬೇಕಾದ ಸಂಖ್ಯೆಯ ಜೋಡಿ ಯಾವಾಗಲೂ ಸಿಗುವುದಿಲ್ಲ. ಆಗ ತಯಾರಕರ ಪಟ್ಟಿಯಲ್ಲಿ ಅದಕ್ಕೆ ಹತ್ತಿರದ್ದನ್ನು ಆರಿಸುತ್ತಾರೆ. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹೊಂದಿಸಿದ ಜೋಡಿ. ಒಂದನ್ನೇ ಬದಲಿಸಿದರೆ ಹಲ್ಲುಗಳು ಸದ್ದು ಮಾಡುತ್ತ ಬೇಗ ಸವೆಯುತ್ತವೆ. ಎಂಜಿನ್ನಿನಿಂದ ತಿರುಗುವ ಅಚ್ಚುಗಳು ಎರಡಿದ್ದರೆ ಎರಡರಲ್ಲಿಯೂ ಒಂದೇ ಪ್ರಮಾಣವಿರಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಬ್ರೇಕು ಗಾಲಿಯ ನಡುವನ್ನು ಹಿಡಿಯುತ್ತದೆ. ಗಾಲಿ ದೊಡ್ಡದಾದಷ್ಟು ನೆಲದ ಮೇಲೆ ಅದರ ಹಿಡಿತ ಕಡಿಮೆ. ಹಲ್ಲುಚಕ್ರ ಬದಲಿಸಿದರೆ ಇದು ಸರಿಹೋಗದು. ಆದ್ದರಿಂದಲೇ ತಯಾರಕರು ಒಪ್ಪಿದ ಅಳತೆಯನ್ನು ಮೀರಬಾರದು. ನೋಂದಣಿ ಪತ್ರದಲ್ಲಿಯ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯೊಡ್ಡುತ್ತದೆ.

ಹಲ್ಲಿನ ಲೆಕ್ಕ ಟ್ರಕ್ಕಿಗಷ್ಟೇ ಸೀಮಿತವಲ್ಲ. ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಭಾಗಕ್ಕೂ ಹಲ್ಲುಚಕ್ರಗಳಿವೆ. ಅವುಗಳಲ್ಲಿ ಒಂದನ್ನು ಬದಲಿಸಿದರೆ ಒಂದು ಇಂಚಿನಲ್ಲಿ ಕೂಡುವ ಹೊಕ್ಕಿನ ಎಳೆಗಳು ಹೆಚ್ಚು ಕಡಿಮೆಯಾಗಿ ಬಟ್ಟೆ ದಟ್ಟವಾಗುತ್ತದೆ ಇಲ್ಲವೆ ತೆಳುವಾಗುತ್ತದೆ. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕೆಲಸಗಾರರಿಗೂ ಅಳತೆಯೇ ಆಧಾರ. ಮಗ್ಗದಲ್ಲಿ ಲೆಕ್ಕ ತಪ್ಪಿದರೆ ಬಟ್ಟೆ ಕೆಟ್ಟೀತು. ಘಾಟಿನಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ನೀವು ತರಗತಿಯಲ್ಲಿ ಕಲಿಯುವ ಗುಣಾಕಾರ, ಭಾಗಾಕಾರಗಳೇ ಅಲ್ಲಿ ಚಾಲಕನನ್ನು ಕಾಯುತ್ತವೆ.

ಶಬ್ದಾರ್ಥ
ಹೇರು – ಹೊರೆ, ಭಾರ
ಅಚ್ಚು – ಗಾಲಿಗಳನ್ನು ಜೋಡಿಸುವ ದಂಡ
ಹೊಕ್ಕು – ಬಟ್ಟೆಯಲ್ಲಿ ಅಡ್ಡಲಾಗಿ ನೇಯುವ ನೂಲು
ಕುತ್ತು – ಅಪಾಯ

ಸ್ವಾಧ್ಯಾಯ
1. ದೊಡ್ಡ ಟೈರು ಹಾಕಿದಾಗ ವೇಗಮಾಪಕ ಕಡಿಮೆ ವೇಗ ತೋರಿಸುವುದೇಕೆ?
2. ಕ್ರೌನ್, ಪಿನಿಯನ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಕಾರಣ ಬರೆಯಿರಿ.
3. ಟೈರಿನ ವ್ಯಾಸ 100 ಸೆಂ.ಮೀ.ನಿಂದ 105 ಸೆಂ.ಮೀ.ಗೆ ಏರಿದೆ. ಹಳೆಯ ಪ್ರಮಾಣ 4 ಇದ್ದರೆ ಹೊಸ ಪ್ರಮಾಣವೆಷ್ಟು?

ಉಪಕ್ರಮ
ನಿಮ್ಮ ಸೈಕಲ್ಲಿನ ಪೆಡಲಿನ ಚಕ್ರದ ಮತ್ತು ಹಿಂದಿನ ಗಾಲಿಯ ಚಕ್ರದ ಹಲ್ಲುಗಳನ್ನು ಎಣಿಸಿರಿ. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿ ಎಷ್ಟು ಸುತ್ತು ತಿರುಗುವುದೆಂದು ಲೆಕ್ಕ ಹಾಕಿ, ತಿರುಗಿಸಿ ಪರೀಕ್ಷಿಸಿರಿ.