ಇಂದಿನ ಧಮ್ಮ ಚಿಂತನೆ: ಮುಖ ಕಂಡಿತೇ, ಕೋಟು ಕಂಡಿತೇ?



ಹೋದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ಅಕ್ಕ ನಗುತ್ತಾ "ಜೈ ಭೀಮ್ ಸರ್" ಎಂದರು. ನಾನೂ ಜೈ ಭೀಮ್ ಹೇಳಿ, "ನಿಮ್ಮದು ಯಾವ ಕಡೆ ಅಕ್ಕ?" ಎಂದು ಕೇಳಿದೆ. ಅವರ ನಗು ಕುಗ್ಗಿತು. "ನಿಮ್ಮ ಬೀದೀನೇ ಗುಡಿಸ್ತೀನಲ್ಲ ಸರ್, ಆರು ವರ್ಷದಿಂದ" ಎಂದರು.

ನಾಚಿಕೆಯಾಯಿತು. ಆರು ವರ್ಷ ನಾನು ನೋಡಿದ್ದು ಪೌರಕಾರ್ಮಿಕರ ಕೋಟನ್ನು, ಪೊರಕೆಯನ್ನು. ಮುಖವನ್ನಲ್ಲ.

ಬುದ್ಧರು ಹೇಳಿದ ಪಂಚಸ್ಕಂಧಗಳಲ್ಲಿ ಮೂರನೆಯದು ಸಞ್ಞಾ, ಅಂದರೆ ಗುರುತಿಸುವಿಕೆ. ಕಂಡದ್ದಕ್ಕೆಲ್ಲ ಮನಸ್ಸು ಒಂದು ಗುರುತು ಹಚ್ಚುತ್ತದೆ. 'ಕಸದವರು' ಎಂಬ ಗುರುತು ಹಚ್ಚಿದ ಕ್ಷಣವೇ ನನ್ನ ನೋಟ ನಿಂತುಹೋಗಿತ್ತು.

ಮನಶ್ಶಾಸ್ತ್ರವೂ ಇದನ್ನು ಕಂಡುಕೊಂಡಿದೆ. ಜನ ತಮ್ಮ ಜನಾಂಗದವರ ಮುಖಗಳನ್ನು ಚೆನ್ನಾಗಿ ಗುರುತಿಸುತ್ತಾರೆ, ಬೇರೆಯವರ ವಿಷಯದಲ್ಲಿ ಹೆಚ್ಚು ತಪ್ಪುತ್ತಾರೆ ಎಂದು 1969ರಲ್ಲಿ ಅಮೆರಿಕದಲ್ಲಿ ಮಾಲ್ಪಾಸ್ ಮತ್ತು ಕ್ರಾವಿಟ್ಜ್ ತೋರಿಸಿದರು. 'ಅವರೆಲ್ಲ ಒಂದೇ ಥರ ಕಾಣ್ತಾರೆ' ಎನ್ನುತ್ತೇವಲ್ಲ, ಅದೇ. ಒಬ್ಬರನ್ನು ಗುಂಪಿಗೆ ಸೇರಿಸಿದೊಡನೆ ಅವರ ಮುಖದ ವಿವರಗಳತ್ತ ನಮ್ಮ ಗಮನ ಕಡಿಮೆಯಾಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ಕಾರಣ.

ಇದು ಹುಟ್ಟಿನಿಂದ ಬಂದದ್ದೇ? ಅಲ್ಲ. ಕೊರಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಯುರೋಪಿನ ಕುಟುಂಬಗಳಿಗೆ ದತ್ತು ಹೋಗಿ ಬೆಳೆದವರನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅವರು ಯುರೋಪಿನವರ ಮುಖಗಳನ್ನೇ ಹೆಚ್ಚು ಸರಿಯಾಗಿ ಗುರುತಿಸಿದರು. ಯಾರ ನಡುವೆ ಬಾಳುತ್ತೇವೋ ಅವರನ್ನು ನೋಡಲು ಕಣ್ಣು ಕಲಿಯುತ್ತದೆ. ಕಲಿತದ್ದನ್ನು ಬದಲಿಸಲೂಬಹುದು.

1917ರಲ್ಲಿ ಬರೋಡಾಕ್ಕೆ ಹೋದ ಬಾಬಾಸಾಹೇಬರಿಗೆ ತಂಗಲು ನೆಲೆ ಸಿಗಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮನುಷ್ಯ ಅಲ್ಲಿನವರಿಗೆ ಕಾಣಲಿಲ್ಲ, ಜಾತಿಯ ಗುರುತಷ್ಟೇ ಕಂಡಿತು. ಅದನ್ನು ಓದಿ ಅತ್ತವನು ನಾನು. ಹೀಗಿದ್ದೂ ನನ್ನ ಬಾಗಿಲ ಮುಂದೆ ನಾನು ಮಾಡಿದ್ದೇನು? ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬಾಯಲ್ಲಿ ಹೇಳಿದ್ದೆ. ಎಲ್ಲರೂ ಸಮಾನರು ಎಂಬುದು ಕಣ್ಣಿಗೆ ಇಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ನಿಂತು ಅಕ್ಕನ ಹೆಸರು ಕೇಳಿದೆ. ಅವರೇ ನನ್ನ ಮಗಳ ಓದಿನ ಬಗ್ಗೆ ವಿಚಾರಿಸಿದರು. ಅವರು ಆರು ವರ್ಷದಿಂದ ನಮ್ಮನ್ನು ನೋಡುತ್ತಲೇ ಇದ್ದರು.

ಇಂದಿನ ಅಭ್ಯಾಸ: ದಿನವೂ ಎದುರಾಗುವ, ಆದರೆ ಹೆಸರು ಗೊತ್ತಿಲ್ಲದ ಒಬ್ಬರ ಮುಖವನ್ನು ಇವತ್ತು ಗಮನವಿಟ್ಟು ನೋಡಿ. ಜೈ ಭೀಮ್ ಹೇಳಿ, ಅಥವಾ ನಮಸ್ಕಾರ ಮಾಡಿ. ಹೆಸರು ಕೇಳಿ. ನಾಳೆ ಆ ಹೆಸರು ಹಿಡಿದೇ ಮಾತಾಡಿಸಿ.

ಸಾಧು, ಸಾಧು, ಸಾಧು.