ಅಭ್ಯಾಸ ಬದಲಾವಣೆಗೆ ಪಾದಾಂಶಿಕ ಕ್ರಮ

ಯುಗಾದಿಯಂದು ಕೈಗೊಂಡ ಸಂಕಲ್ಪ ಹದಿನೈದು ದಿನವೂ ಬಾಳದೆ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಸುಕಿನಲ್ಲಿ ಏಳುವುದು, ಚಹಾ ಬಿಡುವುದು, ರಾತ್ರಿ ಬೇಗ ಉಣ್ಣುವುದು ಎಂದು ಎಲ್ಲವನ್ನೂ ಒಮ್ಮೆಲೇ ನಿಶ್ಚಯಿಸುತ್ತೇವೆ. ಅಷ್ಟರಲ್ಲಿ ಮನೆಯಲ್ಲಿ ಮದುವೆ ಬರುತ್ತದೆ, ಸುಗ್ಗಿ ಬರುತ್ತದೆ, ಇಲ್ಲವೇ ಯಾರಿಗಾದರೂ ಜ್ವರ ಬರುತ್ತದೆ. ಒಂದು ದಿನ ನಿಯಮ ತಪ್ಪಿದರೆ ಇಡೀ ನಿಯಮವನ್ನೇ ಕೈಬಿಡುತ್ತೇವೆ. ಬಳಿಕ ಉಳಿಯುವುದು "ಇದು ನಮ್ಮಿಂದಾಗದು" ಎಂಬ ನಿರಾಶೆ. ಮತ್ತೊಮ್ಮೆ ಪ್ರಯತ್ನಿಸುವ ಮನಸ್ಸನ್ನೇ ಅದು ಕೊಲ್ಲುವುದರಿಂದ ಹಳೆಯ ದುರಭ್ಯಾಸಕ್ಕಿಂತಲೂ ಅದೇ ಹೆಚ್ಚು ಹಾನಿಕರ.

ಆಯುರ್ವೇದದ ಆಚಾರ್ಯರು ಬಾಳಿನ ಕ್ರಮವನ್ನೂ ಅನಿಶ್ಚಯವನ್ನೂ ಒಟ್ಟಿಗೆ ಕಂಡವರು. ವಾಗ್ಭಟರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ 2ನೆಯ ಅಧ್ಯಾಯ ದಿನಚರ್ಯೆಯನ್ನು ಹೇಳಿದರೆ, ಅದರ ಬೆನ್ನಿಗೇ 3ನೆಯ ಅಧ್ಯಾಯ ಋತುಚರ್ಯೆಯನ್ನು ಹೇಳುತ್ತದೆ. ನಿತ್ಯವೂ ಅಭ್ಯಂಗ ಮಾಡಬೇಕೆಂದು ವಿಧಿಸುವ ಗ್ರಂಥವೇ ಅಜೀರ್ಣವಾದಾಗ ಅದನ್ನು ಬಿಡಬೇಕೆನ್ನುತ್ತದೆ. ವ್ಯಾಯಾಮವನ್ನು ಬಲವಂತರು ಶೀತಕಾಲ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾಡಬೇಕು. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ನಿಯಮದ ಒಡಲಲ್ಲಿಯೇ ಸಡಿಲಿಕೆಯೂ ಇದೆ ಎಂಬುದನ್ನು ನಾವು ಗಮನಿಸಬೇಕು. ಮಳೆ, ಚಳಿ, ಬಿಸಿಲುಗಳು ಹೆಚ್ಚಾಗುವುದು, ಕುಂದುವುದು, ಅಕಾಲದಲ್ಲಿ ಬರುವುದು ರೋಗಕ್ಕೆ ಕಾರಣವೆಂದು ಚರಕಸಂಹಿತೆ ಎಣಿಸುತ್ತದೆ. ಕಾಲವೇ ಕ್ರಮ ತಪ್ಪುವಾಗ ಮನುಷ್ಯನ ದಿನಚರಿ ಎಂದೂ ತಪ್ಪಲಾರದೆಂದು ಭಾವಿಸುವುದು ಸಲ್ಲದು.

ಹಾಗಾದರೆ ಅಭ್ಯಾಸವನ್ನು ಬದಲಿಸುವ ಬಗೆ ಹೇಗೆ? ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ಇದಕ್ಕೆ ಪಾದಾಂಶಿಕ ಕ್ರಮವನ್ನು ಹೇಳಿದೆ. ಪಾದಾಂಶವೆಂದರೆ ಕಾಲು ಭಾಗ. ರೂಢಿಯಾದ ಅಹಿತವನ್ನು ಕಾಲು ಭಾಗ ಬಿಟ್ಟು, ಆ ಜಾಗದಲ್ಲಿ ಹಿತವನ್ನು ಕಾಲು ಭಾಗ ತುಂಬಬೇಕು. ಹಂತಗಳ ನಡುವಿನ ಅಂತರವನ್ನು ಒಂದು, ಎರಡು, ಮೂರು ದಿನಗಳೆಂದು ಹೆಚ್ಚಿಸುತ್ತ ಮುಂದುವರಿಯಬೇಕು. ಬಹುಕಾಲ ರೂಢಿಯಾದುದು ದೇಹಕ್ಕೆ ಸಾತ್ಮ್ಯವಾಗಿರುತ್ತದೆ. ಅದನ್ನು ಹಠಾತ್ತನೆ ಕಿತ್ತರೆ ದೇಹ ತೊಂದರೆಗೊಳಗಾಗುತ್ತದೆ. ಮೆಲ್ಲನೆ ಬಿಟ್ಟ ದೋಷ ಮರಳಿ ಬಾರದು, ಮೆಲ್ಲನೆ ಗಳಿಸಿದ ಗುಣ ಅಲುಗದು ಎಂಬುದು ಚರಕರ ಅಭಿಪ್ರಾಯ. ಋತುಸಂಧಿಯ ನಿಯಮವೂ ಇದೇ ಬಗೆಯದು. ಮುಗಿಯುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ ಸೇರಿ 14 ದಿನಗಳಲ್ಲಿ ಹಳೆಯ ಚರ್ಯೆಯನ್ನು ಬಿಡುತ್ತ ಹೊಸದನ್ನು ಹಿಡಿಯಬೇಕು.

ಒಂದು ಉದಾಹರಣೆಯನ್ನು ನೋಡೋಣ. ರಾತ್ರಿ 12ಕ್ಕೆ ಮಲಗುವವರು 10ಕ್ಕೆ ಮಲಗಲು ಬಯಸಿದರೆ ಅಂತರ 120 ನಿಮಿಷ. ಅದರ ಕಾಲು ಭಾಗ 30 ನಿಮಿಷ. ಮೊದಲು 11:30ಕ್ಕೆ ಮಲಗಿ, ಅದು ರೂಢಿಯಾದ ಬಳಿಕ 11ಕ್ಕೆ, ನಂತರ 10:30ಕ್ಕೆ, ಕೊನೆಗೆ 10ಕ್ಕೆ ಬರಬೇಕು. ಮೊಬೈಲಿನ ಮುಂದೆ ಕಳೆಯುತ್ತಿದ್ದ ಆ ಮೊದಲ ಅರ್ಧ ಗಂಟೆಯಲ್ಲಿ ಪಾದಗಳಿಗೆ ಎಣ್ಣೆ ತಿಕ್ಕಿಕೊಳ್ಳಬಹುದು. ದಿನಕ್ಕೆ ನಾಲ್ಕು ಬಾರಿ ಚಹಾ ಕುಡಿಯುವವರು ಮೊದಲು ಒಂದನ್ನು ಬಿಟ್ಟು, ಆ ಹೊತ್ತಿಗೆ ಜೀರಿಗೆ ಕಷಾಯ ಕುಡಿಯಬಹುದು.

ನಡುವೆ ಪ್ರಯಾಣವೋ ಸಾವು ನೋವೋ ಎದುರಾಗಿ ಕ್ರಮ ತಪ್ಪಿದರೆ ಮರುಗಬೇಕಿಲ್ಲ. ಅಂಥ ದಿನಗಳಲ್ಲಿ ಮೂರನ್ನು ಮಾತ್ರ ಹಿಡಿದುಕೊಂಡರೆ ಸಾಕು: ಏಳುವ ಹೊತ್ತು ಬಹಳ ಬದಲಾಗದಿರಲಿ, ಹಿಂದಿನ ಊಟ ಜೀರ್ಣವಾದ ಮೇಲೆಯೇ ಉಣ್ಣಬೇಕು, ಮಲ, ಮೂತ್ರ, ಹಸಿವೆ, ನಿದ್ರೆ ಮೊದಲಾದ 13 ವೇಗಗಳನ್ನು ತಡೆಯಬಾರದು. ತೊಂದರೆ ಕಳೆದ ಬಳಿಕ ಒಂದು ಹಂತ ಹಿಂದಕ್ಕೆ ಬಂದು ಮತ್ತೆ ಆರಂಭಿಸಬೇಕು.

ಒಂದು ಎಚ್ಚರಿಕೆ ಅವಶ್ಯ. ಮಧುಮೇಹ, ರಕ್ತದೊತ್ತಡ ಮುಂತಾದವುಗಳಿಗೆ ವೈದ್ಯರು ಕೊಟ್ಟ ಔಷಧಗಳನ್ನು ಈ ಕ್ರಮದಂತೆ ತಾವಾಗಿಯೇ ಕಡಿಮೆ ಮಾಡಬಾರದು. ಮಧುಮೇಹಕ್ಕೆ ಔಷಧ ಸೇವಿಸುವವರು ಊಟದ ಹೊತ್ತನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಬಹುಕಾಲದ ಮದ್ಯಪಾನವನ್ನು ಬಿಡುವವರೂ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಬೇಕು.

ಓದುಗರು ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಂಡು, ಅದರ ಕಾಲು ಭಾಗ ಎಷ್ಟೆಂದು ಲೆಕ್ಕ ಹಾಕಿ, ಇಂದಿನಿಂದಲೇ ತೊಡಗಲಿ. ಅದು ನೆಲೆನಿಂತ ಮೇಲೆ ಎರಡನೆಯದನ್ನು ಕೈಗೆತ್ತಿಕೊಂಡರಾಯಿತು.