ಹೊಸ ಒಲೆ, ಅದೇ ರೊಟ್ಟಿ

ಬಸವಕಲ್ಯಾಣ, ಹುಮನಾಬಾದ ಕಡೆ ನಮ್ಮ ಊಟ ಜೋಳದ ರೊಟ್ಟಿ. ಕಟ್ಟಿಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆವು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಕೆಮ್ಮು ಬರುತ್ತಿತ್ತು. ಆ ಹೊಗೆ ಮಗ್ಗುಲಲ್ಲಿ ಕೂತ ಕೂಸಿನ ಎದೆಗೂ ಕೆಟ್ಟದ್ದು.

2016ರಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ಬಡವರ ಮನೆಗೂ ಗ್ಯಾಸ್ ಬಂತು. ಆದರೆ ನಾವು ಅದರ ಮೇಲೆ ಚಹಾ ಮಾತ್ರ ಕಾಯಿಸಿದೆವು.

"ಗ್ಯಾಸಿನ ಮ್ಯಾಲೆ ರೊಟ್ಟಿ ಛಂದ ಬರಂಗಿಲ್ಲವ್ವ. ನಡುವೆ ಸೀದು ಹೋಗತದ, ಅಂಚು ಹಸಿ ಉಳೀತದ" ಅಂದರು ಅತ್ತೆ.

ಅತ್ತೆಯ ಮಾತು ಸುಳ್ಳಲ್ಲ. ಕಟ್ಟಿಗೆಯ ಉರಿ ಹಂಚಿನ ತುಂಬ ಹರಡುತ್ತದೆ. ಗ್ಯಾಸಿನ ಉರಿ ನಡುವೆಯೇ ಹೆಚ್ಚು ತಾಗುತ್ತದೆ. ಹಾಗಾದರೆ ಏನು ಮಾಡಬೇಕು? ನಾವು ಹೀಗೆ ಕಲಿತೆವು.

1. ದಪ್ಪ ಕಬ್ಬಿಣದ ಹಂಚು ಇಟ್ಟೆವು. ಸಣ್ಣ ಉರಿಯಲ್ಲಿ ಚೆನ್ನಾಗಿ ಕಾಯಿಸಿದೆವು.
2. ಬಿಸಿನೀರು ಹಾಕಿ ಹಿಟ್ಟು ನಾದಿದೆವು. ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿದೆವು.
3. ನೀರು ಆರಿದ ಮೇಲೆ ತಿರುವಿ ಹಾಕಿದೆವು. ಇಕ್ಕಳದಿಂದ ಹಂಚನ್ನು ಅತ್ತಿತ್ತ ಸರಿಸಿದೆವು. ಅಂಚಿಗೂ ಉರಿ ತಾಗಿತು. ಬಟ್ಟೆಯಿಂದ ಅಂಚು ಒತ್ತಿದೆವು.

ಮೊದಲ ದಿನ ನಾಲ್ಕು ರೊಟ್ಟಿ ಕೆಟ್ಟವು. ವಾರದೊಳಗೆ ರೊಟ್ಟಿ ಉಬ್ಬಿತು. ಅತ್ತೆ ತಿಂದು, "ಇನ್ನೊಂದು ಹಾಕವ್ವ" ಅಂದರು.

ನೆನಪಿಡಿ: ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ. ಲೈಟಿನ ಗುಂಡಿ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ತೆರೆಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಉತ್ತರ ಬರೆಯಿರಿ:
1. ಗ್ಯಾಸಿನ ಮೇಲೆ ರೊಟ್ಟಿಯ ಅಂಚು ಏಕೆ ಹಸಿ ಉಳಿಯುತ್ತದೆ?
2. 1906ಕ್ಕೆ ಯಾವಾಗ ಫೋನ್ ಮಾಡಬೇಕು?